ಒಂದೇ ಬಾಟಲಿಯ ಹನಿಯಮ್ಮ

ಬಾಟಲಿ ಬರಿದಾಯಿತೆಂದು ಲೋಕವೆಲ್ಲ ಒಪ್ಪಿದ ಮೇಲೂ ಒಪ್ಪದೆ ಉಳಿಯುವವರು ಆ ಸಂಶೋಧನಾಲಯದಲ್ಲಿ ಒಬ್ಬರಿದ್ದರು. ಅವರು ಅದರ ಬಿರಡೆಯನ್ನು ಬಿಗಿದು, ಬೋರಲು ಮಾಡಿ, ಗೋಡೆಗೆ ಒರಗಿಸಿ, ಬೇರೊಂದು ಕೆಲಸ ಮುಗಿಸಿಕೊಂಡು ಬಂದು, ಕತ್ತಿನೊಳಗೆ ಸಾವಧಾನವಾಗಿ ಇಳಿದು ನಿಂತ ಕಟ್ಟಕಡೆಯ ತೊಟ್ಟನ್ನು ಪಿಪೆಟ್ಟಿನಿಂದ ಹೀರಿಕೊಂಡ ಮೇಲಷ್ಟೇ, ನ್ಯಾಯಾಧೀಶರು ತೀರ್ಪು ಓದುವ ಗಾಂಭೀರ್ಯದಲ್ಲಿ, "ಈಗ ಖಾಲಿ" ಎನ್ನುತ್ತಿದ್ದರು. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರನ್ನು ಹನಿಯಮ್ಮ ಎಂದು ಕರೆಯುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಗೊತ್ತಿಲ್ಲದ ಪೀಳಿಗೆಗೆ ಹೆಸರಿಡುವುದಾದರೂ ಗೊತ್ತಿದೆಯಲ್ಲ ಎಂದು ನಕ್ಕು ಸುಮ್ಮನಾಗಿದ್ದರು.

ಮನೆಯಲ್ಲೂ ಅದೇ ಕಥೆ. ಅಡುಗೆಮನೆಯ ಕಟ್ಟೆಯ ಮೇಲೆ ಎಣ್ಣೆಯ ಬಾಟಲಿ ಸದಾ ತಲೆಕೆಳಗಾಗಿ ತಪಸ್ಸು ಮಾಡುತ್ತಿತ್ತು. ಬಚ್ಚಲಲ್ಲಿ ಸವೆದ ಸಾಬೂನಿನ ಚಕ್ಕೆ ಹೊಸ ಸಾಬೂನಿನ ಬೆನ್ನೇರಿ ಕುಳಿತಿರುತ್ತಿತ್ತು. ಹಾಗೆಂದು ಜಿಪುಣಿ ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಜಿಪುಣರು ಉಳಿಸುವುದು ತಮಗಾಗಿ. ಇವರು ಉಳಿಸಿದ್ದೆಲ್ಲ ಯಾರದೋ ಪಾಲಾಗುತ್ತಿತ್ತು. ಎಸೆಯುವುದೆಂದರೆ ಮಾತ್ರ ಅವರ ಕೈಗೆ ಕೀಲು ಹಿಡಿದಂತಾಗುತ್ತಿತ್ತು.

ಇದರ ಬೇರು ಒಂದು ಹೊಲಿಗೆ ಅಂಗಡಿಯಲ್ಲಿತ್ತು. ತಂದೆ ದರ್ಜಿ, ತಂದೆ ಬೇಗನೆ ತೀರಿಕೊಂಡ ಮೇಲೆ ಅಣ್ಣ ದರ್ಜಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಬಟ್ಟೆಯ ಥಾನುಗಳನ್ನು ಎರಡೂ ಕಡೆ ಒಟ್ಟಿದ ಇಕ್ಕಟ್ಟಿನ ಹಾದಿ. ನೇರವಾಗಿ ನಡೆದರೆ ಭುಜ ತಾಗಿ ಥಾನು ಉರುಳುತ್ತಿತ್ತಾದ್ದರಿಂದ ಅಡ್ಡಡ್ಡಲಾಗಿ ಸರಿಯುತ್ತ ನಡೆಯುವುದನ್ನು ಅವರು ಅಂಬೆಗಾಲು ಬಿಟ್ಟ ದಿನಗಳಲ್ಲೇ ಕಲಿತರು. ಮುಂದೆ ಸಂಶೋಧನಾಲಯದ ವಿಶಾಲವಾದ ಪಡಸಾಲೆಯಲ್ಲೂ ಎಡಭುಜವನ್ನು ಮುಂದೆ ಮಾಡಿಕೊಂಡು, ಕಾಣದ ಥಾನುಗಳ ನಡುವೆ ನುಸುಳುವವರಂತೆಯೇ ಬರುತ್ತಿದ್ದರು. ಹೊಸದಾಗಿ ಸೇರಿದವರು ತಮಗೆ ದಾರಿ ಬಿಡುತ್ತಿದ್ದಾರೆಂದು ತಿಳಿದು ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದರು.

ಗಿರಾಕಿಯ ಬಟ್ಟೆಯ ಚೂರು ನುಂಗದ ದರ್ಜಿಯಿಲ್ಲ ಎಂಬ ಲೋಕದ ಮಾತಿಗೆ ಅಣ್ಣ ಅಪವಾದವಾಗಿದ್ದ. ಅಂಗಿಗೆ ಕತ್ತರಿಸಿ ಉಳಿದ ತುಂಡಿನಲ್ಲೇ ಗಿರಾಕಿಯ ಮಗುವಿಗೊಂದು ಟೋಪಿ ಹೊಲಿದು, ನಿಮ್ಮದೇ ಬಟ್ಟೆ ತಗೊಳ್ಳಿ ಎಂದು ಕೈಗಿಡುತ್ತಿದ್ದ. ಬೇಡವೆಂದು ಬಿಟ್ಟುಹೋದ ಚೂರುಗಳು ತಂಗಿಯ ಪಾಲು. ಅವಳ ಶಾಲೆಯ ಚೀಲ, ಹೊದಿಕೆ, ಪುಸ್ತಕದ ಹೊದ್ದಿಕೆ ಎಲ್ಲವೂ ನೂರು ಜನರ ಅಂಗಿಗಳ ನೆಂಟು. ಚೂರು ಎಂಬುದಿಲ್ಲ, ಜಾಗ ಸಿಗದ ಬಟ್ಟೆ ಅಷ್ಟೇ ಎಂಬುದು ಅವನ ಸಿದ್ಧಾಂತ. ತಂಗಿ ಜೀವವಿಜ್ಞಾನ ಓದಿ, ಡಾಕ್ಟರೇಟು ಪಡೆದು, ಯಕೃತ್ತಿನ ಕ್ಯಾನ್ಸರಿನ ಮೇಲೆ ಕೆಲಸ ಹಿಡಿದಾಗ ಅವನು ಅಂಗಡಿಯ ಕೆಲಸ ಬದಿಗಿಟ್ಟು ಅವಳಿಗೊಂದು ಬಿಳಿಯ ಕೋಟು ಹೊಲಿದ. ತೋಳು ಜೋತು ಬಾಟಲಿಗೆ ತಾಗದಂತೆ ಮಣಿಕಟ್ಟಿನಲ್ಲಿ ಎರಡು ಗುಂಡಿಯ ಬಿಗಿಯಾದ ಪಟ್ಟಿ. ಒಳಗೆ, ಮುಂದೆ ಮೈ ತುಂಬಿಕೊಂಡರೆ ಬಿಡಿಸಿಕೊಳ್ಳಲೆಂದು ಧಾರಾಳವಾಗಿ ಬಿಟ್ಟ ಬಟ್ಟೆ. ಸಂಸ್ಥೆ ಕೊಡುವ ಕೋಟುಗಳನ್ನು ಅವರು ಎಂದೂ ತೊಡಲಿಲ್ಲ. ಮೈ ತುಂಬಿಕೊಳ್ಳಲೂ ಇಲ್ಲ. ಬಿಟ್ಟ ಬಟ್ಟೆ ಬಿಟ್ಟ ಹಾಗೆಯೇ ಉಳಿಯಿತು.

ಮಾತು ಕಡಿಮೆ. ಯಾರು ಏನೇ ಹೇಳಿದರೂ, ಸಂತೋಷದ ಸುದ್ದಿಯಿರಲಿ ಸಾವಿನ ಸುದ್ದಿಯಿರಲಿ, ಮೊದಲು ತಲೆಯನ್ನು ಒಂದು ಬದಿಗೆ ವಾಲಿಸಿ "ಹಾಗಂತೀಯಾ?" ಎನ್ನುವರು. ಅದರಲ್ಲಿ ಒಪ್ಪಿಗೆಯೂ ಇಲ್ಲ, ಅನುಮಾನವೂ ಇಲ್ಲ; ಕೇಳಿದ ಮಾತನ್ನು ಒಳಗೆ ಎಲ್ಲೋ ಒಂದು ಬಾಟಲಿಯಲ್ಲಿ ಬೋರಲು ಹಾಕಿ ಇಳಿಯಲು ಬಿಟ್ಟಂತೆ. ಹಿರಿಯರಿಗೆ ಅದೇ ಮಾತು "ಹಾಗಂತೀರಾ?" ಆಗುತ್ತಿತ್ತು, ಅಷ್ಟೇ ವ್ಯತ್ಯಾಸ.

ಅವರ ವಿದ್ಯೆ ಜೀನುಗಳ ಬಾಯಿ ಕಟ್ಟುವ ವಿದ್ಯೆ. ಅದನ್ನು ಅವರು ಎಲ್ಲರಿಗಿಂತ ಚೆನ್ನಾಗಿ ವಿವರಿಸಿದ್ದು ಅಣ್ಣನಿಗೆ, ಹೊಲಿಗೆ ಯಂತ್ರದ ಪಕ್ಕದ ಮಣೆಯ ಮೇಲೆ ಕುಳಿತು. ಅಣ್ಣ ಅಳತೆ ತೆಗೆದು, ಚೀಟಿ ಬರೆದು, ಒಳಗೆ ಹೊಲಿಯುವವನಿಗೆ ಕಳಿಸುತ್ತಾನೆ. ಚೀಟಿ ದಾರಿಯಲ್ಲೇ ಹರಿದುಹೋದರೆ ಆ ಒಂದು ಅಂಗಿ ತಯಾರಾಗುವುದಿಲ್ಲ, ಮಿಕ್ಕ ಕೆಲಸ ನಡೆಯುತ್ತಲೇ ಇರುತ್ತದೆ. ಕೋಶದೊಳಗೂ ಹಾಗೆಯೇ. ಒಂದೊಂದು ಜೀನೂ ತನ್ನ ಅಪ್ಪಣೆಯ ಚೀಟಿಯನ್ನು ಹೊರಗೆ ಕಳಿಸುತ್ತದೆ. ಆ ಚೀಟಿಗೆ ಮಾತ್ರ ಸರಿಯಾಗಿ ಕಚ್ಚಿಕೊಳ್ಳುವ ಪುಟ್ಟ ತುಣುಕೊಂದನ್ನು ಒಳಗೆ ಬಿಟ್ಟರೆ ಕೋಶ ತಾನೇ ಆ ಚೀಟಿಯನ್ನು ಹರಿದುಹಾಕುತ್ತದೆ. ಹೀಗೆ ಒಂದೊಂದೇ ಜೀನಿನ ಚೀಟಿ ಹರಿಯುತ್ತ ಹೋಗುವುದು, ಯಾವುದನ್ನು ಹರಿದಾಗ ಕ್ಯಾನ್ಸರಿನ ಕೋಶ ಬೆಳೆಯುವುದನ್ನು ನಿಲ್ಲಿಸುತ್ತದೆಯೋ ಅದನ್ನು ಗುರುತು ಹಾಕಿಕೊಳ್ಳುವುದು. ಜೊತೆಗೆ, ಯಾವ ಚೀಟಿಗೂ ಹೊಂದದ ಹುಸಿ ತುಣುಕೊಂದನ್ನು ಬೇರೆ ತಟ್ಟೆಯ ಕೋಶಗಳಿಗೆ ಕೊಟ್ಟು ಹೋಲಿಸುವುದು, ಕೋಶ ಸೊರಗಿದ್ದು ಚೀಟಿ ಹರಿದದ್ದಕ್ಕೋ ನಾವು ಕೈಯಾಡಿಸಿದ್ದಕ್ಕೋ ಎಂದು ತಿಳಿಯಲು. ಅಣ್ಣ ಸೂಜಿಗೆ ದಾರ ಪೋಣಿಸುತ್ತಲೇ ಎಲ್ಲ ಕೇಳಿ, ಕಳ್ಳನೊಬ್ಬನಿಗಾಗಿ ಇಡೀ ಅಂಗಡಿಗೆ ಬೀಗ ಹಾಕುವುದಕ್ಕಿಂತ ಇದು ವಾಸಿ ಎಂದು ಸರ್ಟಿಫಿಕೇಟು ಕೊಟ್ಟಿದ್ದ.

ಅಣ್ಣನ ಮೈಯಲ್ಲೇ ಆ ಕಳ್ಳ ಕುಳಿತಿದ್ದಾನೆಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ. ಹರೆಯದಲ್ಲಿ ಬಂದು ಹೋಯಿತೆಂದುಕೊಂಡಿದ್ದ ಕಾಮಾಲೆ ಹೋಗಿರಲೇ ಇಲ್ಲ. ತೆಪ್ಪಗೆ ಒಳಗಿದ್ದು, ಯಕೃತ್ತನ್ನು ಕೊರೆದು, ಕೊನೆಗೆ ಗಡ್ಡೆಯಾಗಿ ತಲೆಯೆತ್ತಿತು. ಶಸ್ತ್ರಚಿಕಿತ್ಸೆಯೆಂದು ತೀರ್ಮಾನವಾದಾಗ, ಮಂಚದ ಮೇಲೆ ಒರಗಿದ್ದ ಅಣ್ಣ ಎಲ್ಲ ಬಿಟ್ಟು ಕೇಳಿದ್ದು ದರ್ಜಿ ಕೇಳುವ ಪ್ರಶ್ನೆಯನ್ನೇ.

"ಕತ್ತರಿಸಿದ ಚೂರನ್ನ ಏನ್ಮಾಡ್ತಾರೆ?"

"ಸ್ವಲ್ಪ ಪರೀಕ್ಷೆಗೆ ಮೇಣದಲ್ಲಿಟ್ಟು ಕಾಯ್ದಿಡ್ತಾರೆ, ಮಿಕ್ಕಿದ್ದು ಸುಡ್ತಾರೆ."

"ಸುಡೋದ್ಯಾಕೆ? ನೀನು ತಗೋ. ನಿನ್ನ ಕೆಲಸಕ್ಕೆ ಬರುತ್ತೇನೋ ನೋಡು."

ವೈದ್ಯರ ಅನುಮತಿ, ಸಮಿತಿಯ ಅನುಮತಿ, ಅಣ್ಣನದೇ ಸಹಿ ಎಲ್ಲವೂ ಕ್ರಮವಾಗಿ ಆಯಿತು. ಮಂಜುಗಡ್ಡೆಯಲ್ಲಿಟ್ಟ ಪುಟ್ಟ ಕೊಳವೆಯನ್ನು ಅವರು ಆಸ್ಪತ್ರೆಯಿಂದ ತಾವೇ ಎದೆಗವುಚಿಕೊಂಡು ತಂದರು. ಮನುಷ್ಯನ ಗಡ್ಡೆಯಿಂದ ಕೋಶಗಳನ್ನು ಬಿಡಿಸಿ ಪ್ಲಾಸ್ಟಿಕ್ಕಿನ ತಟ್ಟೆಯಲ್ಲಿ ಬೆಳೆಸುವುದೆಂದರೆ ಕಿತ್ತ ಗಿಡವನ್ನು ಬಂಡೆಯ ಮೇಲೆ ನೆಟ್ಟಂತೆ. ಹತ್ತರಲ್ಲಿ ಒಂಬತ್ತು ಬದುಕುವುದಿಲ್ಲ. ಇವೂ ಮೊದಲು ಬಾಡಿಯೇ ಕುಳಿತಿದ್ದವು. ಅವರು ಅವಕ್ಕೆಂದೇ ಪೋಷಕ ದ್ರವವನ್ನು ವಿಶೇಷವಾಗಿ ಹದಮಾಡಿ, ಬಾಣಂತಿಯ ಆರೈಕೆ ಮಾಡಿದರು. ವಾರಗಟ್ಟಲೆ ಏನೂ ಇಲ್ಲ. ಆಮೇಲೊಂದು ಬೆಳಿಗ್ಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ತಟ್ಟೆಯ ಒಂದು ಮೂಲೆಯಲ್ಲಿ ಹೊಸ ಕೋಶಗಳ ಗುಂಪು. ನೋಡನೋಡುತ್ತ ಅದು ತಟ್ಟೆಯನ್ನೆಲ್ಲ ತುಂಬಿತು, ಎರಡನೆಯದನ್ನೂ ತುಂಬಿತು.

ಆ ಹೊತ್ತಿಗೆ ಅಣ್ಣನ ಗಡ್ಡೆ ಮತ್ತೆ ಮರಳಿತ್ತು. ಹಳದಿಗಣ್ಣಿನ ಅವನ ಪಕ್ಕದಲ್ಲಿ ಕುಳಿತು, ನಿನ್ನ ಕೋಶಗಳು ಹಿಡಿದುಕೊಂಡವು, ಬೆಳೀತಿವೆ ಎಂದು ಅವರು ಹೇಳಿದಾಗ ಅವನು ಬಹಳ ದಿನಗಳ ಮೇಲೆ ನಕ್ಕ. "ನೋಡಿದ್ಯಾ, ಚೂರೂ ಕೆಲಸಕ್ಕೆ ಬಂತು," ಎಂದ. ಅವನು ಹೋದ ದಿನ ಅತ್ತಿಗೆಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಅವರು ಸಮಾಧಾನ ಹೇಳಿದ್ದೂ ಅದನ್ನೇ: ಅಣ್ಣ ಪೂರ್ತಿ ಹೋಗಿಲ್ಲ ಅತ್ತಿಗೆ, ನನ್ನ ಹತ್ತಿರ ಇದ್ದಾನೆ.

ಮುಂದಿನದು ಕೀರ್ತಿಯ ಕಾಲ. ಆ ಕೋಶಗಳಿಗೆ ಸಂಸ್ಥೆ ಒಂದು ಅಂಕಿಯ ಹೆಸರು ಕೊಟ್ಟಿತು. ಲ್ಯಾಬಿನಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಅವು 'ಅಣ್ಣನ ಕೋಶಗಳು'. ಅವರು ಒಂದೊಂದೇ ಜೀನಿನ ಬಾಯಿ ಕಟ್ಟುತ್ತ ಹೋದರು. ವರ್ಷಗಳ ಮೇಲೆ ಒಂದು ಜೀನು ಸಿಕ್ಕಿತು: ಅದನ್ನು ಸುಮ್ಮನಾಗಿಸಿದರೆ ಅಣ್ಣನ ಕೋಶಗಳು ಬೆಳೆಯುವುದನ್ನು ನಿಲ್ಲಿಸಿ, ಮುದುಡಿ, ತಟ್ಟೆಯಿಂದ ಕಳಚಿಕೊಳ್ಳುತ್ತಿದ್ದವು, ಹುಸಿ ತುಣುಕು ಪಡೆದ ತಟ್ಟೆ ಹಾಯಾಗಿ ಬೆಳೆಯುತ್ತಿತ್ತು. ಲೇಖನ ಪ್ರಕಟವಾಯಿತು, ಬೇರೆ ಬೇರೆ ಲ್ಯಾಬುಗಳವರು ಆ ಕೋಶಗಳನ್ನು ಕೇಳಿ ತರಿಸಿಕೊಂಡರು. ಯಕೃತ್ತಿನ ಕ್ಯಾನ್ಸರಿಗೆ ಅದೇ ಜೀನಿನ ಮೇಲೆ ಔಷಧ ಹುಡುಕುವ ಮಾತೂ ಎದ್ದಿತು.

ಅತ್ತಿಗೆ ಆಗಾಗ ಬರುತ್ತಿದ್ದರು. ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ನೋಡಿ, ಏನೂ ತಿಳಿಯದೆ, ತಿಳಿದವರಂತೆ ತಲೆಯಾಡಿಸಿದರು. ಆಮೇಲೆ ನೋಡುವ ಗೋಜಿಗೆ ಹೋಗಲಿಲ್ಲ. ಕೋಶಗಳನ್ನಿಡುವ ಇನ್‌ಕ್ಯುಬೇಟರು ಮನುಷ್ಯನ ಮೈಯಷ್ಟೇ ಕಾವಿನದು. ಅದರ ಬಾಗಿಲ ಗಾಜಿಗೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ತುಟಿ ಅಲುಗುತ್ತಿತ್ತು. ಮಗಳ ಮದುವೆ ಗೊತ್ತಾದದ್ದು, ಅಂಗಡಿ ಮಾರಬೇಕೋ ಬೇಡವೋ ಎಂಬುದು, ಎಲ್ಲವೂ ಆ ಗಾಜಿನ ಮುಂದೆ ಒಪ್ಪಿಸಿಯೇ ತೀರ್ಮಾನವಾದವು. ಆ ಹೊತ್ತಿನಲ್ಲಿ ಹನಿಯಮ್ಮ ಅಲ್ಲಿದ್ದವರನ್ನೆಲ್ಲ ಏನಾದರೊಂದು ನೆಪ ಹೇಳಿ ಹೊರಗೆ ಕಳಿಸುತ್ತಿದ್ದರು.

ಲೋಕದ ಲ್ಯಾಬುಗಳಲ್ಲಿ ಒಂದು ಕೋಶದ ಜಾಗದಲ್ಲಿ ಇನ್ನೊಂದು ಸೇರಿಕೊಂಡು ಮನೆಯೊಡೆಯನಾಗಿಬಿಡುವುದು ಅಪರೂಪವೇನಲ್ಲ. ಅದಕ್ಕೆಂದೇ ಗುರುತಿನ ಪರೀಕ್ಷೆಯೊಂದಿದೆ. ಕೋಶದ ಡಿಎನ್‌ಎಯನ್ನು ಮೂಲ ಮನುಷ್ಯನ ಡಿಎನ್‌ಎಯೊಡನೆ ತಾಳೆ ನೋಡುವುದು. ವಿಭಾಗದ ಮುಖ್ಯಸ್ಥರು ಒಮ್ಮೆ ಮೆತ್ತಗೆ ಸೂಚಿಸಿದರು. ಹನಿಯಮ್ಮ ತಲೆ ವಾಲಿಸಿ "ಹಾಗಂತೀರಾ?" ಎಂದರು. ಆಮೇಲೆ, ಸ್ವಂತ ಅಣ್ಣನ ಗುರುತು ಹಿಡಿಯೋಕೆ ನನಗೆ ಪರೀಕ್ಷೆ ಬೇಕಾ ಎಂದು ನಕ್ಕರು. ಎಲ್ಲರೂ ನಕ್ಕರು. ಅಣ್ಣನನ್ನು ಕಳೆದುಕೊಂಡವಳ ಮುಂದೆ ಆ ಮಾತನ್ನು ಎರಡನೆಯ ಸಲ ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ.

ಹೀಗಿರುವಾಗ ಹೊಸದಾಗಿ ಸೇರಿದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು, ಕೈ ಪಳಗಲೆಂದು, ಬಲು ಸುಲಭವಾದ ಜೀನೊಂದನ್ನು ಆರಿಸಿಕೊಂಡಳು: ಆಲ್ಬುಮಿನ್. ಯಕೃತ್ತು ರಕ್ತಕ್ಕೆ ಸುರಿಯುವ ಪ್ರೋಟೀನು ಅದು. ದರ್ಜಿಯ ಅಂಗಡಿಯಲ್ಲಿ ದಾರವಿದ್ದಂತೆ, ಯಕೃತ್ತಿನ ಕೋಶದಲ್ಲಿ ಆಲ್ಬುಮಿನ್. ಅದರ ಬಾಯಿ ಕಟ್ಟಿ, ಎಷ್ಟು ತಗ್ಗಿತೆಂದು ಅಳೆಯುವುದು ಅವಳ ಅಭ್ಯಾಸಪಾಠ. ಅಳೆದರೆ ತಗ್ಗಲು ಅಲ್ಲಿ ಏನೂ ಇರಲೇ ಇಲ್ಲ. ಹುಸಿ ತುಣುಕು ಕೊಟ್ಟ ತಟ್ಟೆಯಲ್ಲೂ ಇಲ್ಲ, ಏನೂ ಕೊಡದ ತಟ್ಟೆಯಲ್ಲೂ ಇಲ್ಲ. ತಪ್ಪು ತನ್ನದೇ ಇರಬೇಕೆಂದು ಹೆದರಿ ಅವಳು ಮತ್ತೆ ಮತ್ತೆ ಮಾಡಿ, ಬೇರೆ ಲ್ಯಾಬಿನಿಂದ ತಂದ ಯಕೃತ್ತಿನ ಕೋಶಗಳಲ್ಲಿ ಧಾರಾಳವಾಗಿ ಸಿಕ್ಕಿದ ಮೇಲೆ, ಕಣ್ಣೀರು ತುಂಬಿಕೊಂಡು ಬಂದು ನಿಂತಳು.

"ಮೇಡಂ, ಅಣ್ಣನ ಕೋಶಗಳಲ್ಲಿ ಅದು ಇಲ್ಲವೇ ಇಲ್ಲ."

ಹನಿಯಮ್ಮ ತಲೆ ವಾಲಿಸಲಿಲ್ಲ. ಹಾಗಂತೀಯಾ ಎನ್ನಲೂ ಇಲ್ಲ. ಕ್ಯಾನ್ಸರಿನ ಕೋಶ ತನ್ನ ಹಳೆಯ ಕಸುಬನ್ನು ಮರೆಯುವುದುಂಟು ಎಂದರು. ಅದು ಸುಳ್ಳೇನಲ್ಲ, ಮರೆಯುವುದುಂಟು. ಆ ಸಮಜಾಯಿಷಿಯ ನೆರಳಿನಲ್ಲಿ ಕೆಲವು ದಿನ ಕಳೆದರು. ಮುಖ್ಯಸ್ಥರೂ ಅದನ್ನೇ ಹಿಡಿದುಕೊಂಡು, ನಿವೃತ್ತಿ ಹತ್ತಿರವಿದೆ, ಯಾಕೆ ಕೆದಕುತ್ತೀರಿ ಎಂದರು. ಆದರೆ ಒಳಗೆ ಬೋರಲು ಹಾಕಿದ್ದ ಮಾತು ಇಳಿಯುತ್ತಲೇ ಇತ್ತು. ಒಂದು ದಿನ ಅವರೇ ಆಸ್ಪತ್ರೆಗೆ ಹೋಗಿ, ಮೇಣದಲ್ಲಿ ಕಾಯ್ದಿಟ್ಟಿದ್ದ ಅಣ್ಣನ ಗಡ್ಡೆಯ ಚೂರನ್ನು ಕೇಳಿ ತಂದು, ಅದನ್ನೂ ತಟ್ಟೆಯ ಕೋಶಗಳನ್ನೂ ಗುರುತಿನ ಪರೀಕ್ಷೆಗೆ ಕೊಟ್ಟರು.

ಅಣ್ಣನ ಕೋಶಗಳಲ್ಲಿ ಅಣ್ಣನದು ಒಂದೂ ಇರಲಿಲ್ಲ. ಅವು ಇನ್‌ಕ್ಯುಬೇಟರಿನ ಪಕ್ಕದ ಅರೆಯಲ್ಲಿ ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಇಟ್ಟಿದ್ದ, ಯಾವುದೋ ಕಾಲದಲ್ಲಿ ಯಾವುದೋ ದೂರದ ಊರಿನ ಹೆಂಗಸೊಬ್ಬಳ ಗಡ್ಡೆಯಿಂದ ತೆಗೆದ ಕೋಶಗಳು. ಯಕೃತ್ತಿಗೂ ಅವಕ್ಕೂ ಸಂಬಂಧವಿಲ್ಲ. ಕಳೆಯಂತೆ ಬೆಳೆಯುವ ಜಾತಿ, ಒಂದು ಕೋಶ ಸಿಡಿದು ಬಿದ್ದರೆ ಸಾಕು.

ಅದು ಹೇಗೆ ಬಿದ್ದಿತೆಂದು ಯಾರೂ ಹೇಳಬೇಕಾಗಿರಲಿಲ್ಲ. ಪ್ರತಿಯೊಂದು ಬಗೆಯ ಕೋಶಕ್ಕೂ ಅದರದೇ ಬಾಟಲಿ, ಒಂದರದ್ದು ಇನ್ನೊಂದಕ್ಕಿಲ್ಲ: ಇದು ಆ ಕೋಣೆಗೆ ಕಾಲಿಟ್ಟವರು ಮೊದಲ ದಿನ ಕಲಿಯುವ ನಿಯಮ, ಹನಿಯಮ್ಮನೇ ಎಷ್ಟೋ ಜನರಿಗೆ ಕಲಿಸಿದ್ದು. ಅಣ್ಣನ ಕೋಶಗಳು ಬಾಡಿ ಕುಳಿತಿದ್ದ ಆ ವಾರಗಳಲ್ಲಿ, ಹದಮಾಡಿದ ದ್ರವ ಬಾಟಲಿಯ ತಳದಲ್ಲಿ ಮಿಕ್ಕಾಗ, ಅದನ್ನು ಚೆಲ್ಲಲು ಕೈ ಬಾರದೆ ಪಕ್ಕದ ಅರೆಯಲ್ಲಿ ಆ ಹೆಂಗಸಿನ ಕೋಶಗಳಿದ್ದ ಫ್ಲಾಸ್ಕಿಗೆ ಉಣಿಸಿದ್ದರು. ಅಲ್ಲಿಗೆ ಬೇಕಾದಷ್ಟು ಹಾಕಿ ಉಳಿದದ್ದನ್ನು ಆ ಫ್ಲಾಸ್ಕಿಗೆ ತಾಗಿದ ಅದೇ ಪಿಪೆಟ್ಟಿನಿಂದ ಮರಳಿ ಬಾಟಲಿಗೆ ಬಿಟ್ಟು, ಬೋರಲು ಮಾಡಿ, ಕೊನೆಯ ತೊಟ್ಟನ್ನು ಅಣ್ಣನಿಗೆ ಕೊಟ್ಟಿದ್ದರು. ಅಣ್ಣನಿಗಾಗಿ ಉಳಿಸಿದ ತೊಟ್ಟು ಅದು. ಮೊದಲಲ್ಲೇ ನಿಜವಾದ ಕೋಶಗಳ ಒಂದು ಪಾಲನ್ನು ಹಿಮದಲ್ಲಿ ಎತ್ತಿಟ್ಟಿದ್ದರೆ ಈಗ ಕರಗಿಸಿ ನೋಡಬಹುದಿತ್ತು. ಇದ್ದದ್ದೇ ಬೆರಳೆಣಿಕೆಯಷ್ಟು, ಅದರಲ್ಲಿ ಎತ್ತಿಡುವುದೇನನ್ನು ಎಂದು ಬಿಟ್ಟಿದ್ದರು. ಕೋಶಗಳು ಹಿಡಿದುಕೊಂಡವು ಎಂದು ಕುಣಿದ ಆ ಬೆಳಿಗ್ಗೆ, ತಟ್ಟೆಯ ಮೂಲೆಯಲ್ಲಿ ಕಂಡದ್ದು ಹೊಸಬಳು. ಹಳದಿಗಣ್ಣಿನ ಅಣ್ಣ ಕೊನೆಯ ಸಲ ನಕ್ಕದ್ದು ಇಲ್ಲದ ಸುದ್ದಿಗೆ.

ಲೇಖನವನ್ನು ಅವರೇ ಹಿಂತೆಗೆದುಕೊಂಡರು. ಕೋಶಗಳನ್ನು ತರಿಸಿಕೊಂಡಿದ್ದ ಪ್ರತಿಯೊಬ್ಬರಿಗೂ ಫೋನು ಮಾಡಿ, ಒಂದೇ ಬಾಟಲಿಯ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಕೆಲವರು ಸಿಡುಕಿದರು, ಕೆಲವರು ಸಮಾಧಾನ ಹೇಳಿದರು. ಎರಡನ್ನೂ ಕೇಳಿಸಿಕೊಂಡು ಅವರು ಮುಂದಿನ ನಂಬರು ಒತ್ತಿದರು. ಅದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಅತ್ತಿಗೆಯ ಮನೆಗೆ ಹೋಗುವುದು. ಹೊರಟು, ಅರ್ಧ ದಾರಿಯಿಂದ ತಿರುಗಿ ಬಂದರು. ಹೋಗಿ, ಮೊಮ್ಮಗುವಿನ ಮಾತಾಡಿ ಎದ್ದು ಬಂದರು. ಹೀಗೆ ಮುಂದೂಡುತ್ತಿರುವಾಗಲೇ ಅತ್ತಿಗೆ ತಾವಾಗಿ ಬಂದು, ರೂಢಿಯಂತೆ ಆ ಗಾಜಿಗೆ ಅಂಗೈಯಿಟ್ಟು ನಿಂತುಬಿಟ್ಟರು. ಹನಿಯಮ್ಮ ಎಡಭುಜ ಮುಂದೆ ಮಾಡಿ ಪಕ್ಕಕ್ಕೆ ಸರಿದು ನಿಂತು, ಕೋಟಿನ ಮಣಿಕಟ್ಟಿನ ಗುಂಡಿ ಬಿಚ್ಚುತ್ತ ಹಾಕುತ್ತ, ಎಲ್ಲವನ್ನೂ ಹೇಳಿದರು. ಅತ್ತಿಗೆಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದಾಗ ಕೈ ತೆಗೆದರು.

"ಹಾಗಾದ್ರೆ ಇಷ್ಟು ವರ್ಷ ನಾನು ಮಾತಾಡಿದ್ದು ಯಾರ ಹತ್ರ?"

"ಯಾರೋ ಒಬ್ಬ ಹೆಂಗಸು, ಅತ್ತಿಗೆ. ನಂಗೂ ಗೊತ್ತಿಲ್ಲ."

"ಅವರು?"

"ಅವನದು ಯಾವಾಗ್ಲೋ ಸತ್ತುಹೋಗಿದೆ. ಅವನು ಇರುವಾಗ್ಲೇ."

ಅತ್ತಿಗೆ ದನಿ ಏರಿಸಲಿಲ್ಲ.

"ಅವರು ಹೋದ ದಿನ ನಾನು ಸರಿಯಾಗಿ ಅಳಲೇ ಇಲ್ಲ ಕಣೇ. ಇದ್ದಾನೆ ಅಂದಿದ್ದೆಯಲ್ಲ ನೀನು."

ಅತ್ತಿಗೆ ಮತ್ತೆ ಆ ಕೋಣೆಗೆ ಬರಲಿಲ್ಲ. ಆ ತಿಂಗಳೆಲ್ಲ ಅವರು, ಗಂಡ ಮೊನ್ನೆ ಹೋದಂತೆ, ಇದ್ದಬದ್ದ ಅಳುವನ್ನೆಲ್ಲ ಅತ್ತರು; ಮಕ್ಕಳು ಗಾಬರಿಯಾದರು. ಹನಿಯಮ್ಮ ದಿನವೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದರು. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಒಮ್ಮೆ ಆಡಿ ಕೆಡಿಸಿದ್ದು ಸಾಕಾಗಿತ್ತು. ನಿವೃತ್ತಿಯ ಹಿಂದಿನ ದಿನ ಅವರು ಅಣ್ಣನ ಹೆಸರಿನ ಫ್ಲಾಸ್ಕುಗಳಿಗೆಲ್ಲ ಕ್ರಿಮಿನಾಶಕ ಸುರಿದು, ಅರ್ಧಕ್ಕಿಂತ ಹೆಚ್ಚು ತುಂಬಿದ್ದ ಪೋಷಕ ದ್ರವದ ಬಾಟಲಿಯನ್ನು ತೊಟ್ಟಿಗೆ ಬಗ್ಗಿಸಿದರು. ಅದು ಗಳಗಳನೆ ಇಳಿದುಹೋಗುವುದನ್ನು ಬಾಗಿಲಲ್ಲಿ ನಿಂತ ವಿದ್ಯಾರ್ಥಿನಿ ನೋಡಿದಳು. ಬಾಟಲಿಯನ್ನು ಅವರು ಬೋರಲು ಹಾಕಲಿಲ್ಲ. ಕೋಟು ಮಾತ್ರ ತೊಟ್ಟುಕೊಂಡೇ ಮನೆಗೆ ಹೋದರು.

ಏನನ್ನೂ ಎಸೆಯಲಾರದವರ ಒಂದು ಕುಲವಿದೆ. ಅವರ ಮನೆಯಲ್ಲಿ ಅನ್ನ ಹಳಸುವುದಿಲ್ಲ, ದಾರದ ತುಂಡು ಕಸಕ್ಕೆ ಹೋಗುವುದಿಲ್ಲ, ಸಂಬಂಧಗಳೂ ಸುಲಭವಾಗಿ ಹರಿಯುವುದಿಲ್ಲ. ಅಂಥವರ ನೆರಳಿನಲ್ಲಿ ಬೆಳೆದವರು ಪುಣ್ಯವಂತರು. ಆದರೆ ಹೋದದ್ದು ಹೋಯಿತೆಂದು ತಾವಾಗಿ ತಿಳಿಯುವ ಶಕ್ತಿಯನ್ನು ದೇವರು ಅವರಿಗೆ ಕೊಟ್ಟಿರುವುದಿಲ್ಲ. ಖಾಲಿಯಾದ ಜಾಗದಲ್ಲಿ ಯಾರು ಬಂದು ಕುಳಿತರೂ ತಮ್ಮವರೆಂದೇ ತಿಳಿದು ಉಣಿಸುತ್ತ ಹೋಗುತ್ತಾರೆ. ಅದನ್ನು ಅವರಿಗೆ ಬೇರೆ ಯಾರಾದರೂ ಹೇಳಬೇಕು. ಹೇಳಬಲ್ಲವರೆಲ್ಲ ಅವರ ಮೇಲಿನ ಮರುಕದಿಂದ ನಕ್ಕು ಸುಮ್ಮನಾಗುತ್ತಾರೆ, ಮತ್ತು ಆ ಮರುಕವನ್ನು ಉಪಕಾರವೆಂದೇ ತಿಳಿದಿರುತ್ತಾರೆ.